ಮಾತು ಕಡಿಮೆ ಎಂದರೆ ಗರ್ವವೇ?

ಪ್ರಶ್ನೆ: ನನಗೆ 27 ವರ್ಷ. ಮದುವೆಯಾಗಿ ಮಾಲೂರಿನಿಂದ ಕೋಲಾರಕ್ಕೆ ಬಂದಿದ್ದೇನೆ, ಕೆಲಸದಲ್ಲಿದ್ದೇನೆ. ನಾಲ್ಕು ಜನ ಸೇರಿದ ಕಡೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಕಾಲೇಜಿನ ದಿನಗಳಿಂದಲೂ ಹೀಗೆಯೇ. ಮೊನ್ನೆ ಗೃಹಪ್ರವೇಶವೊಂದರಲ್ಲಿ ಕಾಫಿ ತಟ್ಟೆ ಹಿಡಿದು ನಡುಮನೆಗೆ ಬರಲಾಗದೆ ಅಡುಗೆಮನೆಯಲ್ಲೇ ಉಳಿದೆ. ‘ಮಾತಾಡಿದರೆ ಮುತ್ತು ಉದುರುತ್ತದಾ?’ ಎಂದು ನಾದಿನಿ ಎಲ್ಲರೆದುರು ಕೇಳಿದಳು. ಸಂಬಳ ತರುವ ಗರ್ವ ಎಂಬುದು ಅತ್ತೆಯವರ ಅಭಿಪ್ರಾಯ. ಎಲ್ಲರಂತೆ ಮಾತನಾಡುವುದನ್ನು ಕಲಿಯುವುದು ಹೇಗೆ?

ಉತ್ತರ: ಎಲ್ಲರಂತೆ ಮಾತನಾಡುವ ಹಟ ಮೊದಲು ಬಿಡಿ. ಮಿತಭಾಷೆ ಸ್ವಭಾವ, ಅದಕ್ಕೆ ಮದ್ದು ಬೇಕಿಲ್ಲ. ನಿಮ್ಮನ್ನು ಕಾಡುತ್ತಿರುವುದು ಎಲ್ಲರೂ ತನ್ನನ್ನೇ ಅಳೆಯುತ್ತಿದ್ದಾರೆಂಬ ಭಯ. ಹೆಚ್ಚಿನವರಲ್ಲಿ ಹದಿಹರೆಯದಲ್ಲೇ ಮೊಳೆಯುವ ಇಂಥ ಭಯ ಆರು ತಿಂಗಳಿಗೂ ಮೀರಿ ಉಳಿದು ಬದುಕಿಗೆ ಅಡ್ಡಿಯಾದರೆ ಅದನ್ನು ವೈದ್ಯರು ಸಾಮಾಜಿಕ ಆತಂಕದ ಕಾಯಿಲೆ ಎಂದು ಗುರುತಿಸುತ್ತಾರೆ. ನಿಮ್ಮದು ಅದೇ ಹೌದೋ ಅಲ್ಲವೋ ಎಂಬುದನ್ನು ಅವರೇ ನೋಡಿ ಹೇಳಬೇಕು.

ಭಯವನ್ನು ಮುಚ್ಚಿಡಲು ನೀವು ಹೂಡುವ ಉಪಾಯಗಳೇ ನೋಡುವವರಿಗೆ ಗರ್ವದಂತೆ ಕಾಣುತ್ತವೆ. ಕಣ್ಣು ತಪ್ಪಿಸುವುದು, ಮೊಬೈಲ್ ಹಿಡಿದು ಮೂಲೆ ಸೇರುವುದು, ಅಡುಗೆಮನೆಯಲ್ಲಿ ಕೆಲಸ ಹುಡುಕಿಕೊಳ್ಳುವುದು ನಿಮ್ಮ ಪಾಲಿಗೆ ಆಸರೆಯಾದರೆ ಬಂದವರ ಪಾಲಿಗೆ ಅಸಡ್ಡೆ. ಕಾಫಿ ತಟ್ಟೆ ಹಿಡಿದಾಗ ನಿಮ್ಮ ಗಮನವೆಲ್ಲ ನಡುಗುವ ಬೆರಳುಗಳ ಮೇಲೇ ನೆಟ್ಟಿರುತ್ತದೆ, ಹಾಗೆ ನೆಟ್ಟಷ್ಟೂ ನಡುಕ ಹೆಚ್ಚುತ್ತದೆ, ಲೋಟ ತೆಗೆದುಕೊಳ್ಳುವವರು ಹೆಚ್ಚಾಗಿ ಅದನ್ನು ಗಮನಿಸುವುದೂ ಇಲ್ಲ. ಮುಂದಿನ ಸಲ ತಟ್ಟೆಯಲ್ಲಿ ಎರಡೇ ಲೋಟ ಇಟ್ಟುಕೊಂಡು, ಪರಿಚಿತರೊಬ್ಬರಿಗೆ ಕೊಟ್ಟು, ‘ಯಾವಾಗ ಬಂದಿರಿ?’ ಎಂದಷ್ಟೇ ಕೇಳಿ, ಅವರ ಉತ್ತರಕ್ಕೆ ಕಿವಿಗೊಡಿ. ಏರಿದ ಭಯ ತಾನಾಗಿ ಇಳಿಯುವವರೆಗೆ ಅಲ್ಲೇ ನಿಲ್ಲುವುದು ಮುಖ್ಯ. ನಡುವೆಯೇ ಎದ್ದು ಬಂದರೆ, ಓಡಿಬಂದದ್ದರಿಂದ ಬಚಾವಾದೆ ಎಂಬ ಪಾಠವನ್ನೇ ಮನಸ್ಸು ಕಲಿಯುತ್ತದೆ.

ನಾದಿನಿಯ ಕೊಂಕಿಗೆ ಉತ್ತರ ಕೊಡುವ ಗೋಜಿಗೆ ಹೋಗಬೇಡಿ. ಅತ್ತೆಯವರ ವಿಷಯ ಬೇರೆ, ದಿನವೂ ಒಂದೇ ಸೂರಿನಡಿ ಬಾಳುವವರು ಅವರು. ಮೊದಲು ಯಜಮಾನರಿಗೆ ಎಲ್ಲವನ್ನೂ ತಿಳಿಸಿ, ಆಮೇಲೆ ಮನೆಯಲ್ಲಿ ಗದ್ದಲವಿಲ್ಲದ ಹೊತ್ತು ನೋಡಿ, ‘ಅತ್ತೆ, ಜನ ಸೇರಿದರೆ ನನಗೆ ಗಾಬರಿಯಾಗುತ್ತೆ, ಯಾರ ಮೇಲೂ ತಾತ್ಸಾರವಿಲ್ಲ’ ಎಂದು ನೀವೇ ಹೇಳಿ. ಅವರು ತಕ್ಷಣ ಒಪ್ಪುತ್ತಾರೆಂಬ ಭರವಸೆ ನಾನು ಕೊಡಲಾರೆ. ಆದರೂ ನಿಮ್ಮ ಮೌನಕ್ಕೆ ಕಾರಣ ತಿಳಿಯದಿದ್ದಾಗ ಅವರೇ ಒಂದು ಕಾರಣ ಕಟ್ಟಿಕೊಂಡರು ಎಂಬುದನ್ನು ನೀವೂ ಒಪ್ಪಬೇಕು.

ಇಷ್ಟರಿಂದಲೇ ಸರಿಹೋಗದಿದ್ದರೆ ಕೋಲಾರದ ಎಸ್.ಎನ್.ಆರ್. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ಆಲೋಚನೆ ಮತ್ತು ವರ್ತನೆಯನ್ನು ಹಂತಹಂತವಾಗಿ ತಿದ್ದುವ ಚಿಕಿತ್ಸೆ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ, ಅದು ಫಲ ತೋರಲು ಕೆಲವು ವಾರ ಹಿಡಿಯುವುದರಿಂದ ನಡುವೆ ಬಿಡಬಾರದು, ಔಷಧಿ ಅಂಗಡಿಯಲ್ಲಿ ಕೇಳಿ ತಂದು ನುಂಗಲೂಬಾರದು. ಆಸ್ಪತ್ರೆಗೆ ಹೋಗಲು ಮುಜುಗರವಾದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ವೈದ್ಯರೆದುರು ಕುಳಿತಾಗ ಮಾತು ಹೊರಡುವುದಿಲ್ಲ ಎನಿಸಿದರೆ ಹೇಳಬೇಕಾದುದನ್ನೆಲ್ಲ ಚೀಟಿಯಲ್ಲಿ ಬರೆದು ಕೈಗೆ ಕೊಡಿ, ಅವರಿಗೆ ಅದು ಹೊಸದೇನಲ್ಲ.