ಬೀಟೆ ಹಲಗೆ ಇದ್ದರೆ ಗಿಟಾರ್ ಆಗುತ್ತದೆಯೇ?

ಪ್ರಶ್ನೆ: ಸರ್, ನಮ್ಮದು ಹಾವೇರಿ ಕಡೆ. ಮಡಗಾಂವದಲ್ಲಿ ಫರ್ನಿಚರ್ ಕೆಲಸ ಮಾಡುತ್ತೇನೆ. ಹಳೇ ಮನೆ ಒಡೆದಾಗ ಒಳ್ಳೆಯ ಬೀಟೆ ಹಲಗೆಗಳು ಸಿಕ್ಕಿವೆ. ಇವುಗಳಿಂದ ಸ್ಪ್ಯಾನಿಶ್ ಗಿಟಾರ್ ಮಾಡಿ ಮಾರಬಹುದೇ? ಬೆಲೆ ಎಷ್ಟು ಇಡಬೇಕು?
– ಒಬ್ಬ ಬಡಗಿ, ಮಡಗಾಂವ

ಉತ್ತರ: ಖಂಡಿತ ಮಾಡಬಹುದು. ನಿಮ್ಮ ಬೀಟೆ ಒಳ್ಳೆಯ ಮರವೇ, ಸ್ಪೇನಿನವರೂ ನಮ್ಮ ಬೀಟೆಯನ್ನು ತರಿಸಿಕೊಂಡು ಗಿಟಾರ್ ಮಾಡುತ್ತಾರೆ. ಆದರೆ ಅದು ಹಿಂಬದಿಗೆ ಮತ್ತು ಪಕ್ಕಗಳಿಗೆ. ದನಿ ಹುಟ್ಟುವುದು ಮುಂದಿನ ಹಲಗೆಯಲ್ಲಿ, ಅದು ಸ್ಪ್ರೂಸ್ ಅಥವಾ ಸೀಡರ್ ಎಂಬ ಹಗುರ ಮರ ಆಗಿರಬೇಕು, ಹೊರಗಿನಿಂದ ತರಿಸಬೇಕು. ಇಂದಿನ ಸ್ಪ್ಯಾನಿಶ್ ಗಿಟಾರಿನ (ನೈಲಾನ್ ತಂತಿಯದು) ಆಕಾರ ಕಟ್ಟಿಕೊಟ್ಟವರು ಸ್ಪೇನಿನ ಆಲ್ಮೆರಿಯಾದ ಆಂಟೋನಿಯೊ ಡಿ ಟೊರೆಸ್ (1817–1892). ಅವರು 1862ರಲ್ಲಿ ಒಂದು ಗಿಟಾರಿನ ಹಿಂಬದಿ, ಪಕ್ಕಗಳನ್ನು ಕಾಗದದ ರಟ್ಟಿನಲ್ಲೇ ಮಾಡಿದರು, ಮುಂದಿನ ಹಲಗೆಗೆ ಮಾತ್ರ ಒಳ್ಳೆಯ ಸ್ಪ್ರೂಸ್ ಹಾಕಿದರು. ಆ ಗಿಟಾರ್ ಈಗಲೂ ಬಾರ್ಸಿಲೋನಾದ ಮ್ಯೂಸಿಯಂನಲ್ಲಿದೆ. ಹಾಗಾಗಿ ದುಡ್ಡನ್ನೂ ತಲೆಯನ್ನೂ ಮೊದಲು ಮುಂದಿನ ಹಲಗೆಗೆ ಕೊಡಿ. ಅದನ್ನು ಎರಡು, ಎರಡೂವರೆ ಮಿಲಿಮೀಟರಿನಷ್ಟು ತೆಳ್ಳಗೆ ಇಳಿಸಬೇಕು, ಒಳಗೆ ಬೀಸಣಿಗೆ ಕಡ್ಡಿಗಳ ಹಾಗೆ ಹರಡಿದ ಸಣ್ಣ ಪಟ್ಟಿಗಳನ್ನು ಅಂಟಿಸಬೇಕು. ಬಾಗಿಲು, ಮಂಚ ಮಾಡಿದ ಕೈ ಸುಮ್ನೆ ದಪ್ಪ ಬಿಡುತ್ತದೆ, ಗಟ್ಟಿಯಾಗಿರಲಿ ಅಂತ. ಗಿಟಾರಿನಲ್ಲಿ ಹಾಗೆ ಬಿಟ್ಟರೆ ದನಿ ಸತ್ತುಹೋಗುತ್ತದೆ.

ಇನ್ನೊಂದು ಮಾತು, ಇದು ಗೋವಾದಲ್ಲಿ ಎಲ್ಲಕ್ಕಿಂತ ದೊಡ್ಡದು. ಗಾಳಿ. ಗಿಟಾರ್ ಜೋಡಿಸುವ ಕೋಣೆಯಲ್ಲಿ ತೇವಾಂಶ ಶೇ. 45ರಿಂದ 50 ಇರಬೇಕು. ನಮ್ಮ ಮಳೆಗಾಲದಲ್ಲಿ ಅದು 80 ದಾಟುತ್ತದೆ. ಮರ ಆಗ ನೀರು ಕುಡಿದು ಅಡ್ಡಕ್ಕೆ ಹಿಗ್ಗಿರುತ್ತದೆ, ಹಿಗ್ಗಿದ ಹಲಗೆಗೆ ನೀವು ಪಟ್ಟಿ ಅಂಟಿಸಿ ಪೆಟ್ಟಿಗೆ ಮುಚ್ಚಿಬಿಟ್ಟರೆ, ಆ ಗಿಟಾರ್ ಪುಣೆಗೋ ಬೆಂಗಳೂರಿಗೋ ಹೋಗಿ ಬೇಸಿಗೆ ಬಂದಾಗ ಕುಗ್ಗಲು ಜಾಗ ಇಲ್ಲದೆ ಸೀಳುತ್ತದೆ. ಗಿರಾಕಿ ನಿಮ್ಮನ್ನೇ ಬೈಯುತ್ತಾನೆ, ಅದು ನ್ಯಾಯವೂ ಹೌದು. ಒಂದು ಸಣ್ಣ ಕೋಣೆ ಮುಚ್ಚಿ, ತೇವ ಹೀರುವ ಯಂತ್ರ ಇಡಿ, ತೇವಾಂಶದ ಮೀಟರ್ ತೂಗುಹಾಕಿ. ಹೊಸ ಉಳಿ ಸೆಟ್ಟಿಗಿಂತ ಮೊದಲು ಇದನ್ನು ಕೊಳ್ಳಿ. ಅರಗಿನ ಫ್ರೆಂಚ್ ಪಾಲಿಶ್ ಮಳೆಗಾಲದಲ್ಲಿ ಬೆಳ್ಳಗಾಗುವುದು ನಿಮಗೆ ಗೊತ್ತೇ ಇದೆ ಅಲ್ವಾ, ಅದನ್ನೂ ಮಳೆ ಮುಗಿದ ಮೇಲೆ ಮಾಡಿ.

ಕಟ್ಟುವ ಕ್ರಮ ನಿಮಗೆ ಒಗ್ಗುತ್ತದೆ. ಸ್ಪ್ಯಾನಿಶ್ ಪದ್ಧತಿಯಲ್ಲಿ ಮುಂದಿನ ಹಲಗೆಯನ್ನು ಒಂದು ಮಣೆಯ ಮೇಲೆ ಮುಖ ಕೆಳಗಾಗಿ ಇಟ್ಟು, ಕತ್ತನ್ನು ಅದಕ್ಕೇ ಕೂಡಿಸಿ, ಕತ್ತಿನ ಬುಡದ ಸೀಳಿನಲ್ಲಿ ಬಿಸಿ ಕೊಳವೆಗೆ ಬಗ್ಗಿಸಿದ ಪಕ್ಕಗಳನ್ನು ಕೂರಿಸುತ್ತಾರೆ. ಹಿಂಬದಿ ಕೊನೆಗೆ. ದೊಡ್ಡ ಮಷೀನ್ ಬೇಕಿಲ್ಲ.

ಬೆಲೆ ವಿಷಯ. ಕಾರ್ಖಾನೆ ಗಿಟಾರಿನ ಜೊತೆ ಪೈಪೋಟಿಗೆ ಇಳಿಯಬೇಡಿ, ಸೋಲುತ್ತೀರಿ. ಸಾಮಾನಿನ ಖರ್ಚು, ನಿಮ್ಮ ಈಗಿನ ದಿನಗೂಲಿಯ ಲೆಕ್ಕದಲ್ಲಿ ಹಿಡಿದ ಗಂಟೆಗಳು (ಒಂದಕ್ಕೆ ನೂರು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ), ಕೋಣೆಯ ಕರೆಂಟು, ಒಂದು ವರ್ಷದ ಪುಕ್ಕಟೆ ರಿಪೇರಿ, ಇಷ್ಟನ್ನು ಕೂಡಿಸಿ ಬೆಲೆ ಹೇಳಿ. ಕಡಿಮೆ ಹೇಳಿದರೆ ಮೂರನೇ ಗಿಟಾರಿಗೇ ಕೆಲಸ ಬಿಡುತ್ತೀರಿ. ಗಿಟಾರ್ ಮಾರಾಟ ಕುದುರುವವರೆಗೆ ಗಿಟಾರ್ ರಿಪೇರಿ ಹಿಡಿಯಿರಿ ಅಂತ ನಾನು ಒತ್ತಿ ಹೇಳುತ್ತೇನೆ. ಪಣಜಿಯ ಕಲಾ ಅಕಾಡೆಮಿಯಲ್ಲಿ ಪಾಶ್ಚಾತ್ಯ ಸಂಗೀತ ಕಲಿಸುತ್ತಾರೆ, ಮಕ್ಕಳು ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಗೆ ಕೂರುತ್ತಾರೆ, ಚರ್ಚುಗಳಲ್ಲಿ ಗಿಟಾರ್ ಇದೆ, ಹಾಗಾಗಿ ರಿಪೇರಿ ಕೆಲಸ ಸಿಗುತ್ತದೆ. ಬೇರೆಯವರು ಕಟ್ಟಿದ್ದು ಎಲ್ಲಿ ಬಿಡುತ್ತದೆ ಅಂತ ನೋಡಿದವನೇ ಚೆನ್ನಾಗಿ ಕಟ್ಟುತ್ತಾನೆ.

ಮನೆ ಒಡೆದವರಿಂದ ಹಲಗೆಯ ರಸೀದಿ ಬರೆಸಿಕೊಳ್ಳಿ. 2017ರಿಂದ ಬೀಟೆ ಸೈಟ್ಸ್ (ಅಳಿವಿನ ಭಯವಿರುವ ಗಿಡ, ಪ್ರಾಣಿಗಳ ವಿದೇಶಿ ವ್ಯಾಪಾರಕ್ಕೆ ಲಗಾಮು ಹಾಕುವ) ಒಪ್ಪಂದದ ಪಟ್ಟಿಯಲ್ಲಿದೆ. ಪೂರ್ತಿ ತಯಾರಾದ ವಾದ್ಯಗಳಿಗೆ 2019ರಲ್ಲಿ ಅದರಿಂದ ವಿನಾಯಿತಿ ಸಿಕ್ಕಿತು, ಬರೀ ಹಲಗೆಗೆ ಸಿಗಲಿಲ್ಲ. ವಿದೇಶಕ್ಕೆ ಕಳಿಸುವ ಮೊದಲು ಇಲ್ಲಿನ ಅರಣ್ಯ ಇಲಾಖೆಯಲ್ಲಿ ಕೇಳಿ.

ಪ್ರಶ್ನೆ: ಮಗಳ ನೈಲಾನ್ ತಂತಿಯ ಗಿಟಾರಿಗೆ ದನಿ ಜೋರಾಗಲಿ ಅಂತ ಅಂಗಡಿಯವರು ಸ್ಟೀಲ್ ತಂತಿ ಹಾಕಿಕೊಟ್ಟರು. ಈಗ ತಂತಿ ಕಟ್ಟುವ ಪಟ್ಟಿ ಹಿಂದಿನಿಂದ ಮೇಲೇಳುತ್ತಿದೆ. ಫೆವಿಕಾಲ್ ಹಾಕಲೇ?
– ಒಬ್ಬ ತಾಯಿ, ಕೋಥ್ರುಡ್, ಪುಣೆ

ಉತ್ತರ: ಬೇಡ ಅಮ್ಮ, ಹಾಕಬೇಡಿ. ಈ ಗಿಟಾರಿನಲ್ಲಿ ಆ ಪಟ್ಟಿ ಬರೀ ಅಂಟಿನ ಮೇಲೆ ನಿಂತಿದೆ. ಆರು ನೈಲಾನ್ ತಂತಿ ಸೇರಿ ಸುಮಾರು 40 ಕಿಲೋ ಎಳೆಯುತ್ತವೆ, ಸ್ಟೀಲ್ ಆದರೆ 70ರ ಹತ್ತಿರ. ತೆಳ್ಳನೆಯ ಹಲಗೆ ತಡೆಯುವುದಿಲ್ಲ. ಸಂದಿಗೆ ಫೆವಿಕಾಲ್ ಸುರಿದರೆ ಹಳೆಯ ಅಂಟಿನ ಮೇಲೆ ಅದು ಹಿಡಿಯುವುದಿಲ್ಲ, ಮುಂದೆ ರಿಪೇರಿ ಮಾಡುವವರಿಗೆ ಕೆರೆದು ತೆಗೆಯುವ ಕೆಲಸ ಬೇರೆ. ಇವತ್ತೇ ಆರೂ ತಂತಿ ಸಡಿಲ ಮಾಡಿ. ವಾದ್ಯ ರಿಪೇರಿ ಮಾಡುವವರ ಹತ್ತಿರ ಪಟ್ಟಿಯನ್ನು ಪೂರ್ತಿ ಬಿಡಿಸಿ, ಎರಡೂ ಕಡೆ ಕೆರೆದು, ಹೊಸದಾಗಿ ಅಂಟಿಸಿ ಒತ್ತು ಕೊಟ್ಟು ಒಂದು ದಿನ ಹಾಗೇ ಇಡಿಸಿ. ಆಮೇಲೆ ನೈಲಾನ್ ತಂತಿಯನ್ನೇ ಹಾಕಿ.