ಯಾರೋ ಚೆಲ್ಲಿದ್ದನ್ನು ಎಲ್ಲರೂ ಗುಡಿಸಬೇಕೆ?

ಪತ್ರ: ಬಾಹ್ಯಾಕಾಶ ಇಡೀ ಮನುಕುಲಕ್ಕೆ ಸೇರಿದ್ದು ಎನ್ನುತ್ತೇವೆ. ಹಾಗಾದರೆ ಅಲ್ಲಿ ಸುತ್ತುತ್ತಿರುವ ಕಸ ತೆಗೆಯುವ ಖರ್ಚನ್ನೂ ಎಲ್ಲ ದೇಶಗಳು ಸಮನಾಗಿ ಹಂಚಿಕೊಳ್ಳಬಾರದೇಕೆ? ಪರಸ್ಪರ ಬೆರಳು ತೋರಿಸುತ್ತ ಕೂತರೆ ಕೆಲಸವಾಗುವುದು ಯಾವಾಗ?
– ಒಬ್ಬ ನಿವೃತ್ತ ಶಿಕ್ಷಕ

ಸಂಪಾದಕರ ಉತ್ತರ: ಮೇಷ್ಟರೇ, ಬೆರಳು ತೋರಿಸಿದರೆ ಕಸ ಕರಗುವುದಿಲ್ಲ, ಒಪ್ಪಿದೆ. ಜಂಟಿ ನಿಧಿಯಿದ್ದರೆ ಕೆಲಸ ಬೇಗ ಶುರುವಾದೀತು, ಅದೂ ಸರಿ. ಆದರೆ 'ಸಮನಾಗಿ' ಎಂದಿರಲ್ಲ, ಅಲ್ಲಿಗೆ ನನಗೆ ಸಿಟ್ಟು ಬಂತು. ಒಂದೂ ಉಪಗ್ರಹ ಹಾರಿಸದ ದೇಶ ಪೊರಕೆಗೆ ದುಡ್ಡು ಏಕೆ ಕೊಡಬೇಕು?

ಕಾನೂನು ಇಲ್ಲವೆಂದಲ್ಲ. 1967ರ ಬಾಹ್ಯಾಕಾಶ ಒಪ್ಪಂದದ ಆರನೇ ವಿಧಿಯ ಪ್ರಕಾರ ಖಾಸಗಿ ಕಂಪನಿಯ ಚಟುವಟಿಕೆಗೂ ಅದರ ಸರಕಾರವೇ ಹೊಣೆ. ಎಂಟನೇ ವಿಧಿಯ ಪ್ರಕಾರ ಮೇಲೆ ಹೋದ ವಸ್ತುವಿನ ಒಡೆತನ ಅಳಿಯುವುದಿಲ್ಲ. ಹಾಗಾಗಿ ಕೆಟ್ಟುನಿಂತ ಉಪಗ್ರಹವನ್ನು ಒಡೆಯನ ಅಪ್ಪಣೆಯಿಲ್ಲದೆ ಬೇರೆಯವರು ಮುಟ್ಟುವಂತಿಲ್ಲ. ಒಡೆಯ ಅದನ್ನು ತೆಗೆಯಲೇಬೇಕೆಂದು ಮಾತ್ರ ಯಾವ ವಿಧಿಯೂ ಹೇಳುವುದಿಲ್ಲ. ಹಕ್ಕು ಬೇಕು, ಉಸಾಬರಿ ಬೇಡ! ಸಮುದ್ರದಲ್ಲಿ ಇಂಥ ಆಟ ನಡೆಯದು. 2007ರ ನೈರೋಬಿ ಒಪ್ಪಂದದಡಿ ಅಪಾಯ ತರುವ ಮುಳುಗಿದ ಹಡಗನ್ನು ಮಾಲೀಕನೇ ತೆಗೆಸಬೇಕು. ಮೊಂಡುತನ ಮಾಡಿದರೆ ಆ ತೀರದ ದೇಶ ತೆಗೆಸಿ, ಖರ್ಚನ್ನು ಅವನಿಂದ ವಸೂಲು ಮಾಡಬಹುದು.

1972ರ ಹೊಣೆಗಾರಿಕೆ ಒಪ್ಪಂದವಿದೆಯಲ್ಲ ಎನ್ನುತ್ತೀರಿ. ಇದೆ. ನೆಲಕ್ಕೆ ಬಿದ್ದು ಹಾನಿಯಾದರೆ ತಪ್ಪು ಯಾರದೆಂದು ಕೇಳದೆ ಪರಿಹಾರ. 1978ರಲ್ಲಿ ಅಣು ರಿಯಾಕ್ಟರ್ ಹೊತ್ತಿದ್ದ ಸೋವಿಯತ್ ಉಪಗ್ರಹ ಕಾಸ್ಮಾಸ್ 954 ಕೆನಡಾದ ಮೇಲೆ ಚೂರಾಗಿ ಬಿತ್ತು. ಕೆನಡಾ ಕೇಳಿದ್ದು ಸುಮಾರು 60 ಲಕ್ಷ ಕೆನಡಿಯನ್ ಡಾಲರ್, 1981ರಲ್ಲಿ ಕೈಸೇರಿದ್ದು 30 ಲಕ್ಷ. ಅರ್ಧವಾದರೂ ಬಂತು ಅನ್ನಿ. ಕಕ್ಷೆಯಲ್ಲೇ ಹಾನಿಯಾದರೆ ತಪ್ಪನ್ನು ಸಾಬೀತು ಮಾಡಬೇಕು. 2009ರಲ್ಲಿ ರಷ್ಯಾದ ನಿಷ್ಕ್ರಿಯ ಉಪಗ್ರಹ ಕಾಸ್ಮಾಸ್ 2251 ಮತ್ತು ಅಮೆರಿಕದ ಕಂಪನಿಯ, ಕೆಲಸದಲ್ಲಿದ್ದ ಉಪಗ್ರಹ ಇರಿಡಿಯಂ 33 ಸೈಬೀರಿಯಾದ ಮೇಲೆ ಡಿಕ್ಕಿ ಹೊಡೆದವು. ಪತ್ತೆಯಾದ ಚೂರುಗಳೇ ಎರಡು ಸಾವಿರಕ್ಕೂ ಹೆಚ್ಚು. ತಪ್ಪು ಯಾರದು? ಅಲುಗಲಾರದ ಸತ್ತದ್ದರದೋ, ಸರಿಯಬಹುದಾಗಿದ್ದರೂ ಸರಿಯದ ಬದುಕಿದ್ದರದೋ? ಒಪ್ಪಂದದಡಿ ಯಾರೂ ಪರಿಹಾರವನ್ನೇ ಕೇಳಲಿಲ್ಲ. ತಾವೂ ನಾಳೆ ಕಟಕಟೆ ಹತ್ತಬೇಕಾದೀತೆಂಬ ಅಳುಕು ಇಬ್ಬರಿಗೂ ಇದ್ದೀತು, ಇದು ನನ್ನ ಗುಮಾನಿ.

ಇನ್ನು ಬೇಕೆಂದೇ ಚೆಲ್ಲಿದವರು. 2007ರಲ್ಲಿ ಚೀನಾ ತನ್ನದೇ ಹವಾಮಾನ ಉಪಗ್ರಹಕ್ಕೆ ಕ್ಷಿಪಣಿ ಹೊಡೆದು ಮೂರು ಸಾವಿರಕ್ಕೂ ಹೆಚ್ಚು ಚೂರು ಎಬ್ಬಿಸಿತು. ಅಮೆರಿಕ, ರಷ್ಯಾ, ಭಾರತವೂ ಇಂಥ ಪರೀಕ್ಷೆ ಮಾಡಿದವೇ. ಅದೇ 2007ರಲ್ಲಿ ವಿಶ್ವಸಂಸ್ಥೆ ಕಸ ತಗ್ಗಿಸುವ ಮಾರ್ಗಸೂಚಿಗೆ ಒಪ್ಪಿಗೆ ಕೊಟ್ಟಿತು. ಪಾಲಿಸುವುದು ಅವರವರ ಇಷ್ಟ!

ದೊಡ್ಡವರು ಗಲೀಜು ಮಾಡಿ ಸಿಕ್ಕಿಬಿದ್ದಾಗಲೆಲ್ಲ 'ಇದು ನಮ್ಮೆಲ್ಲರ ಹೊಣೆ' ಎಂಬ ಭಾಷಣ ಶುರುವಾಗುತ್ತದೆ. ಲಾಭ ಹಂಚುವಾಗ ಈ 'ನಾವೆಲ್ಲರೂ' ಎಲ್ಲಿರುತ್ತೇವೆ? ಹವಾಮಾನದ ವಿಷಯದಲ್ಲಾದರೂ 1992ರ ಒಪ್ಪಂದ, ಹೊಣೆ ಎಲ್ಲರದಾದರೂ ಸಮನಲ್ಲ ಎಂದು ಬರೆದುಕೊಂಡಿದೆ. ಬಾಹ್ಯಾಕಾಶಕ್ಕೆ ಅಷ್ಟೂ ಇಲ್ಲ. ನಿಮ್ಮಂಥ ಸಜ್ಜನರು ಆ ಭಾಷಣಕ್ಕೆ ಚಪ್ಪಾಳೆ ತಟ್ಟುತ್ತೀರಿ, ಅದೇ ನನ್ನ ಬೇಸರ.

ಉಡಾವಣೆಗೆ ಪರವಾನಗಿ ಕೊಡುವಾಗಲೇ ತೆಗೆಯುವ ಖರ್ಚಿನ ಠೇವಣಿ ಇಡಿಸಿಕೊಳ್ಳಲಿ. ಹಳೆಯ ರಾಕೆಟ್‌ಗಳ, ಕೆಟ್ಟ ಉಪಗ್ರಹಗಳ ಒಡೆಯರು ಬಹುಮಟ್ಟಿಗೆ ಗೊತ್ತಿರುವವರೇ, ಅವರಿಗೆ ಬಿಲ್ ಹೋಗಲಿ. ಯಾರದೆಂದು ತಿಳಿಯದ ಚೂರುಗಳಿಗೆ ನಿಮ್ಮ ಜಂಟಿ ನಿಧಿ ಇರಲಿ, ಬೇಡವೆನ್ನೆ. ಅಲ್ಲೂ ಹಾರಿಸಿದಷ್ಟಕ್ಕೆ ತಕ್ಕ ವಂತಿಗೆ.