ಆ ಬಾರಿಹಣ್ಣು ಡ್ರಾಯರಿನಲ್ಲೇ ಇರಬಾರದು, ಅಕ್ಕೋರೆ

ಅಕ್ಕೋರೆ, ನಮಸ್ಕಾರ. ಜಮಖಂಡಿ ತಾಲ್ಲೂಕಿನಿಂದ ನೀವು ಬರೆದ 4 ಪುಟಗಳನ್ನು ಎರಡು ಸಲ ಓದಿದೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ.

ಉಳಿದ ಓದುಗರಿಗಾಗಿ ವಿಷಯವನ್ನಷ್ಟೇ ಹೇಳುತ್ತೇನೆ. ನಿಮ್ಮ 19 ವರ್ಷದ ಮಗ ದಸರೆಗೆ ಮುಂಚೆ ಬೈಕ್ ಅಪಘಾತದಲ್ಲಿ ತೀರಿಕೊಂಡ. ತಿಂಗಳು ಕಳೆದ ಮೇಲೆ ಶಾಲೆಗೆ ಬಂದಿರಿ. ಎಂಟನೇ ಕ್ಲಾಸಿನಲ್ಲಿ ನಾಲ್ಕೈದು ಹುಡುಗರು, ದಿನಾ ಜಗಳ, ಜೇಬಲ್ಲಿ ಗುಟ್ಕಾ, ವಾರಗಟ್ಟಲೆ ಗೈರುಹಾಜರಿ. ಒಬ್ಬನನ್ನು ಬೈದಾಗ ಅವನು, "ನಿಮ್ಮ ಮಗ ಸತ್ತರ ನಮ್ಮ ಮ್ಯಾಲ ಯಾಕ ಸಿಟ್ಟು ಮಾಡ್ತೀರಿ?" ಅಂದ. ನೀವು ಕಪಾಳಕ್ಕೆ ಹೊಡೆದಿರಿ. ಮರುದಿನ ನಿಮ್ಮ ಟೇಬಲ್ ಮೇಲೆ ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿದ ಏಳು ಬಾರಿಹಣ್ಣು, ಅಂದರೆ ಎಲಚಿಹಣ್ಣು, ಇದ್ದವು. ಅವನ್ನು ಡ್ರಾಯರಿಗೆ ಹಾಕಿ, "ನಾನಿನ್ನು ಪಾಠ ಮಾಡಲು ಲಾಯಕ್ಕಾ, ವರ್ಗಾವಣೆ ಕೇಳಲಾ?" ಅಂತ ನಮಗೆ ಬರೆದಿದ್ದೀರಿ.

ಹೊಡೆದದ್ದು ತಪ್ಪು. ಮಕ್ಕಳನ್ನು ಹೊಡೆಯಬಾರದು ಅನ್ನುವ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಮಗೂ ಗೊತ್ತು. ಇಡೀ ಕ್ಲಾಸು ನೋಡುವಾಗ ಹೊಡೆದಿರಿ, ಕ್ಷಮೆಯನ್ನೂ ಇಡೀ ಕ್ಲಾಸಿನ ಎದುರೇ ಕೇಳಿ. ಎರಡೇ ಮಾತು ಸಾಕು. ಅದರ ಜೊತೆ ಮಗನ ಸಾವನ್ನು ಕಾರಣ ಅಂತ ಸೇರಿಸಬೇಡಿ, ಆಗ ಆ ಹುಡುಗನಿಗೆ ಸಿಟ್ಟು ಮಾಡುವ ಹಕ್ಕೂ ಉಳಿಯೋದಿಲ್ಲ.

ಮಗನ ಮಾತು ಬೇರೆ ದಿನ ಹೇಳಿ. ನಾನು 12 ವರ್ಷದವನಿದ್ದಾಗ ನಮ್ಮವ್ವ ತೀರಿಕೊಂಡಳು. ವಿಜಯಪುರದಲ್ಲಿ ಮತ್ತೆ ಶಾಲೆಗೆ ಹೋದ ದಿನ ಮಾಸ್ತರರು ಯಾರೂ ನನ್ನ ಕಡೆ ನೋಡದೇ ಪಾಠ ಮಾಡಿದರು. ಪಾಪ, ಕರುಣೆಯಿಂದಲೇ. ನಾನು ಮಾತ್ರ ಏನೋ ದೊಡ್ಡ ತಪ್ಪು ಮಾಡಿದ್ದೇನೆ ಅಂದುಕೊಂಡೆ, ವಾರದೊಳಗೆ ಪಕ್ಕದವನ ಕಂಪಾಸ್ ಬಾಕ್ಸ್ ಕಾಲಲ್ಲಿ ತುಳಿದು ಮುರಿದೆ. ನಿಮ್ಮ ಹುಡುಗರೂ ನಿಮ್ಮ ಕೆಂಪು ಕಣ್ಣು ನೋಡಿ ತಮ್ಮದೇ ತಪ್ಪು ಅಂದುಕೊಂಡಿರಬಹುದು. "ನನ್ನ ಮಗ ಹೋದ. ಕೆಲವು ದಿನ ನನಗೆ ಅಳು ಬರುತ್ತೆ. ಅದಕ್ಕೆ ನೀವು ಕಾರಣ ಅಲ್ಲ." ಇಷ್ಟನ್ನು ಒಂದೇ ಸಲ ಹೇಳಿ, ಪುಸ್ತಕ ತೆಗೆಯಿರಿ. ಸಮಾಧಾನ ಮಾಡುವ ಕೆಲಸ ಅವರ ತಲೆಗೆ ಬರಬಾರದು. ಅಳು ತಡೆಯೋಕೆ ಆಗದಿದ್ದರೆ ಯಾರಿಗೆ ಕ್ಲಾಸು ಒಪ್ಪಿಸಿ ಹೊರಗೆ ಹೋಗಬೇಕು ಅನ್ನೋದನ್ನು ಹೆಡ್‌ಮಾಸ್ತರರ ಜೊತೆ ಈಗಲೇ ಮಾತಾಡಿಟ್ಟುಕೊಳ್ಳಿ. ಮಗನ ಹುಟ್ಟಿದ ದಿನ ರಜೆ ಹಾಕಿ.

ಮೂರನೇ ಪುಟದಲ್ಲಿ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ: ಆ ಹುಡುಗನ ಅಪ್ಪ ಅವ್ವ ದೀಪಾವಳಿ ಮುಗಿಸಿ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಮಹಾರಾಷ್ಟ್ರಕ್ಕೆ ಹೋಗಿದ್ದಾರೆ, ಅವನು ಅಜ್ಜಿ ಹತ್ತಿರ ಇದ್ದಾನೆ. ಕಾರ್ಖಾನೆಯ ಹಂಗಾಮು ಮುಗಿಯೋವರೆಗೆ ಅವರು ಬರೋದಿಲ್ಲ. 13 ವರ್ಷದ ಹುಡುಗ, ಇಷ್ಟು ತಿಂಗಳು ಅವನನ್ನು ದಿನಾ ಕಣ್ಣಿಟ್ಟು ನೋಡುವ ದೊಡ್ಡವರು ಅಂದರೆ ನೀವೇ ಅಲ್ವಾ? ನೀವು ಒಂದು ತಿಂಗಳು ಕಾಣಲಿಲ್ಲ, ಬಂದಾಗ ಬೇರೆಯೇ ಮನುಷ್ಯರಾಗಿ ಬಂದಿರಿ. ಅವನ ಮಾತು ಕೆಟ್ಟದ್ದು, ಆದರೆ ನಿಮ್ಮ ಮಗ ಹೋಗಿದ್ದನ್ನು ನಿಮ್ಮೆದುರು ಬಾಯಿ ಬಿಟ್ಟು ಹೇಳಿದವನು ಆ ಶಾಲೆಯಲ್ಲಿ ಅವನೊಬ್ಬನೇ. ಹೋಂವರ್ಕ್ ಮೊದಲಿನ ಹಾಗೇ ಕೇಳಿ, ಕನಿಕರಕ್ಕೆ ಬಿಡಬೇಡಿ. ಗೈರಾದ ದಿನ ಅಜ್ಜಿಗೆ ಫೋನ್ ಮಾಡಿ.

ವರ್ಗಾವಣೆಯ ವಿಚಾರ ಈಗ ಬೇಡ, ಬೇಸಿಗೆ ರಜೆ ಬರಲಿ. ರಾತ್ರಿ ನಿದ್ದೆಯೇ ಬರೋದಿಲ್ಲ ಅಂದಿದ್ದೀರಿ. 14416ಕ್ಕೆ ಫೋನ್ ಮಾಡಿ, ಮನಸ್ಸಿನ ಕಷ್ಟ ಕೇಳುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ದಿನದ 24 ತಾಸೂ ಕನ್ನಡದಲ್ಲಿ ಮಾತಾಡಬಹುದು. ಹುಡುಗರಲ್ಲಿ ಯಾರಾದರೂ ಸಾಯುವ ಮಾತಾಡಿದರೂ ಅದೇ ನಂಬರು, ಅವತ್ತೇ.

ಇನ್ನು ಆ ಬಾರಿಹಣ್ಣು. ನಮ್ಮ ಕಡೆ ಸತ್ತವರ ಮನೆಯಲ್ಲಿ ಒಲೆ ಹಚ್ಚೋದಿಲ್ಲ, ಬೀಗರು, ನೆರೆಯವರು ಬುತ್ತಿ ತರುತ್ತಾರೆ. ಬಂದವರು ಜಾಸ್ತಿ ಮಾತಾಡೋದಿಲ್ಲ, ಗಂಟು ಇಟ್ಟು ಸುಮ್ನೆ ಕೂತು ಹೋಗುತ್ತಾರೆ. ಆ ಹುಡುಗನ ಹತ್ತಿರ ತರೋಕೆ ಇದ್ದದ್ದು ಏಳು ಹಣ್ಣು. ಈಗ ಒಣಗಿರುತ್ತವೆ, ಬಾರಿಹಣ್ಣು ಒಣಗಿದರೂ ಕೆಡೋದಿಲ್ಲ. ನಾಳೆ ತಿನ್ನಿ, ತಿಂದೆ ಅಂತ ಅವನಿಗೆ ಹೇಳಿ.